ಮಾರ್ಪಡಿಸಿದ ಹಳೆಯ ಜೀಪ್

ಮಾರ್ಪಡಿಸಿದ ಹಳೆಯ ಜೀಪ್ ಎಂದರೆ ಎಂಜಿನ್, ಚಾಸಿ, ಹೊರಕವಚ, ಟಯರ್ ಅಥವಾ ಸಸ್ಪೆನ್ಷನ್ ಅನ್ನು ತಯಾರಕರ ಮೂಲ ರಚನೆಗಿಂತ ಭಿನ್ನವಾಗಿ ಬದಲಾಯಿಸಲಾದ ಹಳೆಯ ಮಾದರಿಯ ಜೀಪ್. ಭಾರತದಲ್ಲಿ ಮಹೀಂದ್ರ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪ್‌ಗಳ ಜೋಡಣೆಯನ್ನು ಆರಂಭಿಸಿತು. ಸಿಜೆ 3ಬಿ, ಎಂಎಂ 540 ಮೊದಲಾದವು ಇದೇ ಪರಂಪರೆಯ ಮಾದರಿಗಳು.

ಸಸ್ಪೆನ್ಷನ್ ರಚನೆ

ಈ ಮಾದರಿಗಳಲ್ಲಿ ಮುಂದಿನ ಮತ್ತು ಹಿಂದಿನ ಎರಡೂ ಆ್ಯಕ್ಸಲ್‌ಗಳು ಲೀಫ್ ಸ್ಪ್ರಿಂಗ್‌ಗಳ ಮೇಲೆ ನಿಂತಿರುತ್ತವೆ. ಸ್ಪ್ರಿಂಗ್‌ನ ಒಂದು ತುದಿ ಚಾಸಿಗೆ ಜೋಡಣೆಯಾಗಿದ್ದು, ಇನ್ನೊಂದು ತುದಿಯು ಶ್ಯಾಕಲ್ ಎಂಬ ತೂಗುಕೊಂಡಿಯ ಮೂಲಕ ಹಿಂದೆಮುಂದೆ ಚಲಿಸುತ್ತದೆ. ದೀರ್ಘಕಾಲ ಭಾರ ಹೊತ್ತ ಸ್ಪ್ರಿಂಗ್ ತನ್ನ ಬಾಗು ಕಳೆದುಕೊಂಡು ಚಪ್ಪಟೆಯಾಗುವುದರಿಂದ ವಾಹನ ಒಂದು ಬದಿಗೆ ವಾಲಬಹುದು.

ಎತ್ತರದ ಹೊಂದಾಣಿಕೆ

ಎತ್ತರವನ್ನು ಹೆಚ್ಚಿಸಲು ಹೆಚ್ಚು ಬಾಗುಳ್ಳ ಸ್ಪ್ರಿಂಗ್ ಅಳವಡಿಸುವುದು, ಪಟ್ಟಿ ಸೇರಿಸುವುದು ಅಥವಾ ಶ್ಯಾಕಲ್ ಉದ್ದಗೊಳಿಸುವುದು ರೂಢಿಯಲ್ಲಿದೆ. ಶ್ಯಾಕಲ್ 2 ಅಂಗುಲ ಉದ್ದವಾದರೆ ಎತ್ತರವು ಸುಮಾರು 1 ಅಂಗುಲ ಮಾತ್ರ ಏರುತ್ತದೆ. ಪಟ್ಟಿ ಸೇರಿಸಿದಾಗ ಸ್ಪ್ರಿಂಗ್ ಬಿರುಸಾಗಿ ಸವಾರಿಯ ಕುಲುಕಾಟ ಹೆಚ್ಚುತ್ತದೆ.

ಎತ್ತರ ಬದಲಾದಂತೆ ಪ್ರೊಪೆಲ್ಲರ್ ಶಾಫ್ಟ್‌ನ ಕೋನ, ಸ್ಟಿಯರಿಂಗ್ ಜೋಡಣೆ ಮತ್ತು ಹೆಡ್‌ಲೈಟ್‌ನ ದಿಕ್ಕು ಬದಲಾಗುತ್ತವೆ. ಶಾಕ್ ಅಬ್ಸಾರ್ಬರ್ ಹಾಗೂ ಬ್ರೇಕ್ ಹೋಸ್‌ಗಳು ಮೊದಲಿನಷ್ಟೇ ಉದ್ದವಿದ್ದರೆ, ಗುಂಡಿಯಲ್ಲಿ ಚಕ್ರ ಕೆಳಗಿಳಿದಾಗ ಅವು ಬಿಗಿದು ಹರಿಯುವ ಅಪಾಯವಿದೆ. ಗುರುತ್ವ ಕೇಂದ್ರ ಮೇಲೇರುವುದರಿಂದ ತಿರುವಿನಲ್ಲಿ ಉರುಳುವ ಸಾಧ್ಯತೆಯೂ ಹೆಚ್ಚುತ್ತದೆ.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದವುಗಳಿಗಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಬದಲಾಯಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಡಿ, ಅನುಮತಿಯಿಲ್ಲದ ಮಾರ್ಪಾಡಿಗೆ 6 ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅಕ್ರಮ ಮಾರ್ಪಾಡು ವಾಹನದ ಮಾರಾಟದಿಂದ ಸಕ್ರಮವಾಗುವುದಿಲ್ಲ. ಆದ್ದರಿಂದ ಖರೀದಿಗೆ ಮುನ್ನ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಆಸನಗಳ ಸಂಖ್ಯೆ ಮತ್ತು ಚಕ್ರಾಂತರವನ್ನು ನೋಂದಣಿ ಪತ್ರದೊಂದಿಗೆ ಹೋಲಿಸಿ ನೋಡುವುದು ಅವಶ್ಯಕ.

ಗಡಿ ಭಾಗದಲ್ಲಿ ಖರೀದಿ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ಮಹಾರಾಷ್ಟ್ರಕ್ಕೆ ಸಮೀಪದಲ್ಲಿವೆ. ಚಿಕ್ಕೋಡಿಯ ನೋಂದಣಿ ಸಂಕೇತ ಕೆಎ 23. ಕೊಲ್ಹಾಪುರದ್ದು ಎಂಎಚ್ 09, ಸಾಂಗ್ಲಿಯದು ಎಂಎಚ್ 10. ನೆರೆಯ ರಾಜ್ಯದ ವಾಹನವನ್ನು ಕೊಂಡು ಕರ್ನಾಟಕದಲ್ಲಿ ನೋಂದಾಯಿಸಲು ಮೂಲ ನೋಂದಣಿ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಖರೀದಿದಾರರು 30 ದಿನಗಳೊಳಗೆ ಮಾಲೀಕತ್ವದ ವರ್ಗಾವಣೆಯನ್ನು ತಮ್ಮ ವಾಸಸ್ಥಳದ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಬೇರೆ ರಾಜ್ಯದ ವಾಹನವು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಯೇ ಉಳಿದರೆ ಹೊಸ ನೋಂದಣಿ ಸಂಖ್ಯೆ ಪಡೆಯುವುದು ಕಡ್ಡಾಯ. ಸಾರಿಗೇತರ ವಾಹನದ ನೋಂದಣಿ 15 ವರ್ಷಗಳಿಗೆ ಮುಗಿಯುವುದರಿಂದ, ಹಳೆಯ ಜೀಪಿನ ನವೀಕರಣ ಆಗಿದೆಯೇ ಎಂಬುದನ್ನೂ ಪರಿಶೀಲಿಸಬೇಕಾಗುತ್ತದೆ.

ವಿಂಟೇಜ್ ನೋಂದಣಿ

2021ರಲ್ಲಿ ಜಾರಿಗೆ ಬಂದ ನಿಯಮಗಳ ಪ್ರಕಾರ 50 ವರ್ಷ ಮೀರಿದ, ಮೂಲ ರೂಪದಲ್ಲಿ ಉಳಿದಿರುವ ವಾಹನಗಳನ್ನು ವಿಂಟೇಜ್ ವರ್ಗದಲ್ಲಿ ನೋಂದಾಯಿಸಬಹುದು. ಚಾಸಿ, ಹೊರಕವಚ ಅಥವಾ ಎಂಜಿನ್ ಅನ್ನು ಗಣನೀಯವಾಗಿ ಬದಲಾಯಿಸಿದ ವಾಹನಕ್ಕೆ ಈ ಅರ್ಹತೆ ಇಲ್ಲ. ವಿಂಟೇಜ್ ವಾಹನವನ್ನು ನಿತ್ಯದ ಓಡಾಟಕ್ಕಾಗಲಿ ವಾಣಿಜ್ಯ ಉದ್ದೇಶಕ್ಕಾಗಲಿ ರಸ್ತೆಯಲ್ಲಿ ಬಳಸುವಂತಿಲ್ಲ.