ಹುಕುಂ ಮೀರಿದವರು ಯಾರು?

ಕನ್ನಡಿಗರ ಕೋರ್ಟು ಕಚೇರಿಯ ಮಾತಿನಲ್ಲಿ ಅರಬಿ, ಫಾರಸಿ ಮೂಲದ ಪದಗಳಿಗೆ ಲೆಕ್ಕವಿಲ್ಲ. ಹುಕುಂ, ಜಾರಿ, ಹಾಜರು, ತಕರಾರು, ವಕೀಲ, ಅರ್ಜಿ ಇವನ್ನೆಲ್ಲ ನಾವು ನಮ್ಮವೆಂದೇ ಬಳಸುತ್ತೇವೆ. ಆದರೆ ಹುಕುಂ ಮೀರುವುದಕ್ಕೆ ಉರ್ದುವಿನಲ್ಲಿರುವ ನಾಫರ್ಮಾನಿ, ಸರ್ಕಶಿ ಎಂಬ ಪದಗಳು ಕನ್ನಡದಲ್ಲಿ ಹಾಗೆ ನೆಲೆಯೂರಲಿಲ್ಲ. ಫರ್ಮಾನನ್ನು ಪಾಲಿಸದಿರುವುದು ನಾಫರ್ಮಾನಿ. ಬಾಗಬೇಕಾದ ತಲೆಯನ್ನು ಬಾಗಿಸದವನು ಸರ್ಕಶ್. ಎರಡೂ ಆಳುವವನ ಕಣ್ಣಿಂದ ನೋಡಿದ ಪದಗಳು. ನಮ್ಮ ಉದ್ಧಟತನ, ಮೊಂಡುತನಗಳೂ ಹಾಗೆಯೇ.

ಗಾಂಧೀಜಿಯ ಚಳವಳಿ ಈ ನೋಟವನ್ನು ತಿರುಗಿಸಿತು. ಉರ್ದುವಿನವರು ಅದನ್ನು ಸಿವಿಲ್ ನಾಫರ್ಮಾನಿ ಎಂದರು. ಕನ್ನಡದವರು ಸವಿನಯ ಕಾನೂನು ಭಂಗ ಎಂದು ಕರೆದು, ಭಂಗದ ಜೊತೆಗೆ ವಿನಯವನ್ನೂ ಸೇರಿಸಿದರು. 1930ರಲ್ಲಿ ಅಂಕೋಲೆಯ ಕಡಲ ತೀರದಲ್ಲಿ ಉಪ್ಪು ತಯಾರಿಸಿದವರು ಮೊಂಡರಾಗಿರಲಿಲ್ಲ. ಕಾಯಿದೆ ಮುರಿದು ಶಿಕ್ಷೆಗೆ ಸಿದ್ಧರಾಗಿದ್ದರು. ಅದಕ್ಕೂ ಮೊದಲು, ಅಹಮದಾಬಾದಿನ ಜಿಲ್ಲಾ ನ್ಯಾಯಾಧೀಶರ ಪತ್ರವೊಂದನ್ನು 'ಯಂಗ್ ಇಂಡಿಯಾ'ದಲ್ಲಿ ಪ್ರಕಟಿಸಿದ್ದಕ್ಕಾಗಿ ಗಾಂಧೀಜಿ ಮತ್ತು ಮಹಾದೇವ ದೇಸಾಯಿಯವರು ಬೊಂಬಾಯಿ ಹೈಕೋರ್ಟಿನ ಮುಂದೆ ನಿಲ್ಲಬೇಕಾಯಿತು. ಕೋರ್ಟು ಬಯಸಿದ ಕ್ಷಮಾಪಣೆಯನ್ನು ಅವರು ಕೊಡಲಿಲ್ಲ. 1920ರಲ್ಲಿ ಕಟುವಾದ ಎಚ್ಚರಿಕೆಯೊಂದಿಗೆ ಪ್ರಕರಣ ಮುಗಿಯಿತು.

ಇಂಥ ಅಪರಾಧವನ್ನು ನಾವು ನ್ಯಾಯಾಂಗ ನಿಂದನೆ ಎನ್ನುತ್ತೇವೆ. ಉರ್ದುವಿನಲ್ಲಿ ಅದು ತೌಹೀನ್-ಎ-ಅದಾಲತ್, ಅಂದರೆ ಅದಾಲತ್ತಿನ ಅವಮಾನ. ಎರಡೂ ಭಾಷೆಗಳಲ್ಲಿ ಕಣ್ಣಿಗೆ ಬೀಳುವುದು ಬೈದವನು, ಬರೆದವನು. ಆದರೆ 1971ರ ಕಾಯ್ದೆಯಲ್ಲಿ ಇದಕ್ಕೆ ಎರಡು ಮುಖಗಳಿವೆ. ನ್ಯಾಯಾಲಯದ ಆದೇಶವನ್ನು ಬೇಕೆಂದೇ ಪಾಲಿಸದಿರುವುದು, ಕೊಟ್ಟ ಮಾತನ್ನು ಬೇಕೆಂದೇ ಮುರಿಯುವುದು ಸಿವಿಲ್ ನಿಂದನೆ. ಇಲ್ಲಿ ಬಾಯಿ ಬಿಡಬೇಕಾಗಿಲ್ಲ. ಸುಮ್ಮನೆ ಕುಳಿತರೂ ಸಾಕು. ಈ ಮೌನದ ನಾಫರ್ಮಾನಿ ನಿಂದನೆ ಎಂಬ ಪದದೊಳಗೆ ಮರೆಯಾಗುತ್ತದೆ.

ಅದಕ್ಕೊಂದು ಉದಾಹರಣೆ ಅಯೋಧ್ಯೆಯದು. ವಿವಾದಿತ ಸ್ಥಳದ ಬಳಿ ಯಾವುದೇ ಶಾಶ್ವತ ಕಟ್ಟಡ ಕೂಡದೆಂಬ ಆದೇಶವಿದ್ದರೂ 1992ರ ಜುಲೈಯಲ್ಲಿ ಕಾಂಕ್ರೀಟ್ ಕಟ್ಟೆ ಎದ್ದಿತು. ಆಗ ಉತ್ತರ ಪ್ರದೇಶದ ಮುಖ್ಯಮಂತ್ರಿಯಾಗಿದ್ದ ಕಲ್ಯಾಣ್ ಸಿಂಗ್ ತಪ್ಪಿತಸ್ಥರೆಂದು 1994ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿ, ಒಂದು ದಿನದ ಸಾಂಕೇತಿಕ ಸಜೆ ಮತ್ತು 2,000 ರೂಪಾಯಿ ದಂಡ ವಿಧಿಸಿತು. 1992ರ ಡಿಸೆಂಬರ್ 6ರಂದು ಮಸೀದಿಯೇ ನೆಲಸಮವಾಯಿತು. ಯಥಾಸ್ಥಿತಿಯ ಆದೇಶವನ್ನೂ ತನಗೆ ಕೊಟ್ಟ ಭರವಸೆಯನ್ನೂ ಮುರಿದೇ ಇದು ನಡೆಯಿತೆಂದು 2019ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅದರ ಮೇಲಿನ ನಿಂದನಾ ಅರ್ಜಿಗಳನ್ನು ಮಾತ್ರ 2022ರಲ್ಲಿ ಮುಕ್ತಾಯಗೊಳಿಸಲಾಯಿತು.

ಉಪ್ಪು ತಯಾರಿಸಿದವನು ಹುಕುಂ ಮೀರಿ ಅದರ ಬೆಲೆಯನ್ನು ತಾನೇ ತೆತ್ತ. ಅಧಿಕಾರದಲ್ಲಿರುವವರು ಹುಕುಂ ಮೀರಿದಾಗ ಬೆಲೆ ತೆರುವವರು ಬೇರೆಯವರು. ಕೋರ್ಟಿನ ಆದೇಶವನ್ನು ಕೈಯಲ್ಲಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವ ಬಡವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನಾಫರ್ಮಾನಿ ಎಂಬ ಪದ ಕನ್ನಡಕ್ಕೆ ತಡವಾಗಿಯಾದರೂ ಬರಲಿ. ಈ ಸಲ ಅದು ಆಳುವವರನ್ನು ಗುರುತಿಸಲು ಬಳಕೆಯಾಗಲಿ.