ಕಾರಿನ ಹಿಂಚಕ್ರದ ಬೇರಿಂಗ್: ಬದಲಾವಣೆ ಮತ್ತು ಹೊಂದಾಣಿಕೆ

ವೇಗದೊಂದಿಗೆ ಹೆಚ್ಚುವ ಗುಂಯ್‌ಗುಡುವ ಶಬ್ದ ಹಾಗೂ ಜಾಕ್‌ನಿಂದ ಎತ್ತಿದ ಚಕ್ರವನ್ನು ಅಲುಗಿಸಿದಾಗ ಕಂಡುಬರುವ ಸಡಿಲತೆ, ಬೇರಿಂಗ್ ಸವೆದಿರುವುದರ ಲಕ್ಷಣಗಳು. ಮುಂಚಕ್ರಗಳಿಗೆ ತಡೆ ಕೊಟ್ಟು, ವಾಹನವನ್ನು ಸ್ಟ್ಯಾಂಡ್ ಮೇಲೆ ಕೂರಿಸಿದ ನಂತರವೇ ಹ್ಯಾಂಡ್‌ಬ್ರೇಕ್ ಸಡಿಲಿಸಿ ಡ್ರಮ್ ಕಳಚತಕ್ಕದ್ದು. ಜಾಕ್ ಒಂದನ್ನೇ ನಂಬಕೂಡದು.

ಮುಂಚಕ್ರ ಚಾಲನೆಯ ಅನೇಕ ಹಳೆಯ ಕಾರುಗಳ ಹಿಂಚಕ್ರಗಳಲ್ಲಿ ಟೇಪರ್ ರೋಲರ್ ಬೇರಿಂಗ್‌ಗಳಿರುತ್ತವೆ. ಇವುಗಳನ್ನು ಹೊರಬಳೆ ಸಹಿತವಾಗಿಯೇ ಬದಲಾಯಿಸಬೇಕು; ಸವೆದ ಬಳೆಯಲ್ಲಿ ಹೊಸ ರೋಲರ್ ಬಹುಕಾಲ ಬಾಳದು. ರೋಲರ್‌ಗಳ ನಡುವೆ ಗ್ರೀಸ್ ತುಂಬಿ, ಹೊಸ ಆಯಿಲ್ ಸೀಲ್ ಅಳವಡಿಸಬೇಕು.

ಹೊಂದಾಣಿಕೆಯಲ್ಲಿಯೇ ಹೆಚ್ಚಿನ ತಪ್ಪುಗಳಾಗುತ್ತವೆ. ಚಕ್ರವನ್ನು ತಿರುಗಿಸುತ್ತಲೇ ನಟ್ ಬಿಗಿಗೊಳಿಸಿ, ಬಳಿಕ ಪೂರ್ಣ ಸಡಿಲಿಸಿ, ಬೆರಳಿನಿಂದಷ್ಟೇ ಮತ್ತೆ ಬಿಗಿಮಾಡಬೇಕು. ಕಾಟರ್ ಪಿನ್ನಿನ ರಂಧ್ರ ಹೊಂದದಿದ್ದರೆ ನಟ್ಟನ್ನು ಸಡಿಲದ ಕಡೆಗೆ ತಿರುಗಿಸಬೇಕೇ ಹೊರತು ಬಿಗಿಯ ಕಡೆಗಲ್ಲ. ಸುಮಾರು 0.1 ಮಿ.ಮೀ. ಒಳಗಿನ ಅಲ್ಪ ಸಡಿಲತೆ ದೋಷವಲ್ಲ. ಬಿಗಿಯಾದಷ್ಟೂ ಭದ್ರವೆಂಬ ಭಾವನೆ ಅಪಾಯಕಾರಿ: ಅತಿ ಬಿಗಿಯಾದ ಬೇರಿಂಗ್ ಕಾದು, ಗ್ರೀಸ್ ಕರಗಿ, ಕೊನೆಗೆ ಚಕ್ರವೇ ಕಚ್ಚಿಕೊಳ್ಳಬಹುದು. ಹಳೆಯ ಕಾಟರ್ ಪಿನ್ ಮರುಬಳಸಕೂಡದು.

ಈಚಿನ ಕಾರುಗಳ ಮುಚ್ಚಿದ ಹಬ್ ಬೇರಿಂಗ್‌ಗಳಿಗೆ ಈ ವಿಧಾನ ಅನ್ವಯಿಸುವುದಿಲ್ಲ. ಅವುಗಳ ನಟ್ಟನ್ನು ತಯಾರಕರ ಕೈಪಿಡಿಯಲ್ಲಿ ಸೂಚಿಸಿದ ಪ್ರಮಾಣಕ್ಕೆ ಟಾರ್ಕ್ ವ್ರೆಂಚ್‌ನಿಂದಲೇ ಬಿಗಿಗೊಳಿಸತಕ್ಕದ್ದು.