ಡೀಸೆಲ್ ಕಾರಿನ ಡಿಪಿಎಫ್ ಕಟ್ಟಿಕೊಂಡಿದೆಯೇ? ಮಸಿಯೋ ಬೂದಿಯೋ ಮೊದಲು ತಿಳಿಯಿರಿ

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್‌6 ನಿಯಮ ಜಾರಿಗೆ ಬಂತು. ಡೀಸೆಲ್ ಕಾರು ಒಂದು ಕಿಲೋಮೀಟರಿಗೆ ಉಗುಳಬಹುದಾದ ಕಣಗಳ ಮಿತಿ 25 ಮಿಲಿಗ್ರಾಂನಿಂದ 4.5 ಮಿಲಿಗ್ರಾಂಗೆ ಇಳಿಯಿತು. ಇದನ್ನು ಪಾಲಿಸಲು ಸೈಲೆನ್ಸರ್ ಸಾಲಿನಲ್ಲಿ ಸೇರಿಕೊಂಡ ಭಾಗವೇ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್, ಅಂದರೆ ಡಿಪಿಎಫ್. ಶಿರಸಿ, ಸಿದ್ದಾಪುರ, ಯಲ್ಲಾಪುರದಂತಹ ಕಡೆ ತೋಟದಿಂದ ಪೇಟೆಗೆ, ಮನೆಯಿಂದ ಡೇರಿಗೆ ಎಂದು ನಾಲ್ಕಾರು ಕಿಲೋಮೀಟರ್ ಮಾತ್ರ ಓಡುವ ಕಾರುಗಳಲ್ಲಿ ಇದು ಬೇಗ ಕಟ್ಟಿಕೊಳ್ಳುತ್ತದೆ. ಹೊಸದು ಹಾಕಿಸಲು ಹತ್ತಾರು ಸಾವಿರ ರೂಪಾಯಿ ಬೇಕು. ಕೆಲವು ಗಾಡಿಗಳಲ್ಲಿ ಅದು ಲಕ್ಷವನ್ನೂ ದಾಟುತ್ತದೆ. ಆದರೆ ದೀಪ ಹೊತ್ತಿದ ಮಾತ್ರಕ್ಕೆ ಫಿಲ್ಟರ್ ಹಾಳಾಯಿತು ಎಂದಲ್ಲ.

ಒಳಗೆ ನಡೆಯುವುದೇನು?

ಡಿಪಿಎಫ್ ಒಳಗೆ ಜೇನುಗೂಡಿನಂತಹ ಪಿಂಗಾಣಿ ದಿಮ್ಮಿ ಇದೆ. ಅದರ ಓಣಿಗಳು ಒಂದು ಬಿಟ್ಟು ಒಂದರಂತೆ ಮುಚ್ಚಿರುವುದರಿಂದ ಹೊಗೆ ಗೋಡೆಯ ಸಣ್ಣ ರಂಧ್ರಗಳ ಮೂಲಕವೇ ಹೋಗಬೇಕು. ಮಸಿ ಅಲ್ಲೇ ಉಳಿಯುತ್ತದೆ.

ಬಚ್ಚಲ ಒಲೆಯನ್ನು ನೆನೆದರೆ ಮುಂದಿನದು ಸುಲಭ. ಒಲೆಯಲ್ಲಿ ಕಟ್ಟಿದ ಮಸಿ ಜೋರು ಉರಿಗೆ ಸುಟ್ಟು ಹೋಗುತ್ತದೆ. ಬೂದಿಯನ್ನು ಮಾತ್ರ ಕೈಯಾರೆ ತೆಗೆಯಬೇಕು. ಡಿಪಿಎಫ್‌ನಲ್ಲೂ ಹಾಗೆಯೇ. ಕಾರು ಏರು ಹತ್ತುವಾಗ ಅಥವಾ ಹೆದ್ದಾರಿಯಲ್ಲಿ ಸಾಗುವಾಗ ಹೊಗೆ ಬಿಸಿಯಾಗಿ ಒಂದಿಷ್ಟು ಮಸಿ ತಾನಾಗಿ ಸುಡುತ್ತದೆ. ಸಾಲದಿದ್ದರೆ ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಫಿಲ್ಟರನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಏರಿಸುತ್ತದೆ. ಇದಕ್ಕೆ ರಿಜನರೇಶನ್ ಎನ್ನುತ್ತಾರೆ. ಬೂದಿ ಬರುವುದು ಮುಖ್ಯವಾಗಿ ಎಂಜಿನ್ ಆಯಿಲ್‌ನಲ್ಲಿರುವ ಲೋಹದ ಅಂಶಗಳಿಂದ. ಅದು ಯಾವ ಬಿಸಿಗೂ ಸುಡುವುದಿಲ್ಲ.

ಎಂಜಿನ್ ಬಿಸಿಯಾಗುವ ಮೊದಲೇ ಪೇಟೆ ಬಂದುಬಿಟ್ಟರೆ ರಿಜನರೇಶನ್ ಶುರುವಾಗುವುದಿಲ್ಲ, ಶುರುವಾದರೂ ಅರ್ಧಕ್ಕೇ ನಿಲ್ಲುತ್ತದೆ. ಹೀಗೆ ಪದೇ ಪದೇ ಆದರೆ ಸುಡದ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ಆಗ ಫಿಲ್ಟರ್ ಮಾತ್ರವಲ್ಲ, ಎಂಜಿನ್ನೇ ಅಪಾಯದಲ್ಲಿರುತ್ತದೆ.

ಪತ್ತೆ ಹಚ್ಚುವುದು ಹೇಗೆ?

ನಿಲ್ಲಿಸಿದ ಮೇಲೂ ಫ್ಯಾನ್ ಜೋರಾಗಿ ತಿರುಗುವುದು, ನಿಂತಲ್ಲೇ ಎಂಜಿನ್ ವೇಗ ತುಸು ಹೆಚ್ಚಿರುವುದು, ಕಾದ ಲೋಹದ ವಾಸನೆ: ಇವು ರೋಗದ ಲಕ್ಷಣಗಳಲ್ಲ, ರಿಜನರೇಶನ್ ನಡೆಯುತ್ತಿರುವ ಗುರುತುಗಳು. ಇವು ದಿನವೂ ಕಾಣಿಸಿದರೆ, ಪಿಕಪ್ ಬಿದ್ದರೆ, ಮೈಲೇಜ್ ಇಳಿದರೆ ಪರೀಕ್ಷೆ ಬೇಕು.

1. ಎಂಜಿನ್ ಆಯಿಲ್ ಕಡ್ಡಿ ತೆಗೆದು ನೋಡಿ. ಮಟ್ಟ ಮೇಲಿನ ಗೆರೆ ದಾಟಿದ್ದರೆ ಅಥವಾ ಡೀಸೆಲ್ ವಾಸನೆ ಬಂದರೆ ಆಯಿಲ್ ಬದಲಿಸುವವರೆಗೆ ಗಾಡಿ ಓಡಿಸಬೇಡಿ.

2. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿಸಿ. ಪಿ2463 ಎಂಬ ಕೋಡ್ ಮಸಿ ತುಂಬಿದೆ ಎನ್ನುತ್ತದೆ, ಪಿ242ಎಫ್ ಬೂದಿ ತುಂಬಿದೆ ಎನ್ನುತ್ತದೆ. ಮಸಿಯ ಪ್ರಮಾಣ, ಹಿಂದಿನ ರಿಜನರೇಶನ್ ಆಗಿ ಎಷ್ಟು ಕಿಲೋಮೀಟರ್ ಆಯಿತು ಎಂಬುದನ್ನೂ ಕೇಳಿ.

3. ಫಿಲ್ಟರಿನ ಹಿಂದೆ-ಮುಂದಿನ ಒತ್ತಡದ ವ್ಯತ್ಯಾಸ ಅಳೆಯುವ ಸೆನ್ಸರ್ ಸರಿಯಿದೆಯೇ ನೋಡಿಸಿ. ಕೀ ತಿರುಗಿಸಿ ಎಂಜಿನ್ ಚಾಲೂ ಮಾಡದೆ ಇದ್ದಾಗ ಅದು ಸೊನ್ನೆಯ ಆಸುಪಾಸು ತೋರಬೇಕು. ಇಲ್ಲದಿದ್ದರೆ ಸೆನ್ಸರಿನ ಮೇಲೇ ಅನುಮಾನ. ಅದರ ಸಣ್ಣ ಕೊಳವೆಗಳು ಒಡೆದಿದ್ದರೂ ಅಳತೆ ತಪ್ಪುತ್ತದೆ. ಬಾನೆಟ್ ಒಳಗೆ ಸೇರುವ ಇಲಿಗಳ ಕಾಟವನ್ನೂ ಮರೆಯಬೇಡಿ.

4. ಮಸಿ ಇಷ್ಟು ಬರುತ್ತಿರುವುದು ಏಕೆ ಎಂದು ಹುಡುಕಿಸಿ. ಸೋರುವ ಇಂಜೆಕ್ಟರ್, ಸಿಕ್ಕಿಕೊಂಡ ಇಜಿಆರ್ ವಾಲ್ವ್, ಬಿರುಕು ಬಿಟ್ಟ ಟರ್ಬೋ ಪೈಪ್, ಎಂಜಿನ್ ಬಿಸಿಯಾಗಲು ಬಿಡದ ಥರ್ಮೋಸ್ಟ್ಯಾಟ್ ಸಾಮಾನ್ಯ ಕಾರಣಗಳು. ಇವನ್ನು ಬಿಟ್ಟು ಹೊಸ ಫಿಲ್ಟರ್ ಹಾಕಿದರೆ ಅದೂ ಕಟ್ಟಿಕೊಳ್ಳುತ್ತದೆ.

ಸರಿಪಡಿಸುವ ದಾರಿ

ಹಳದಿ ದೀಪ ಮಾತ್ರ ಹೊತ್ತಿದ್ದು, ಪಿಕಪ್ ಸರಿಯಿದ್ದರೆ ಒಂದು ನಿಲ್ಲದ ಓಟವೇ ಔಷಧಿ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇರಲಿ. ಶಿರಸಿಯವರು ಹಾವೇರಿ ಕಡೆಗೆ, ಯಲ್ಲಾಪುರದವರು ಹುಬ್ಬಳ್ಳಿ ಕಡೆಗೆ 20ರಿಂದ 30 ನಿಮಿಷ, ರಸ್ತೆ ಅವಕಾಶ ಕೊಟ್ಟಲ್ಲಿ ಗಂಟೆಗೆ 60 ಕಿಲೋಮೀಟರಿಗಿಂತ ಮೇಲೆ ಸಾಗಬಹುದು. ಎಂಜಿನ್ 2,000 ಸುತ್ತಿನ ಮೇಲಿರುವಂತೆ ಗೇರ್ ಇಟ್ಟುಕೊಳ್ಳಿ. ನಿಮ್ಮ ಕಾರಿನ ಕೈಪಿಡಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಪಾಲಿಸಿ. ದೇವಿಮನೆ ಅಥವಾ ಅರಬೈಲ್ ಘಟ್ಟ ಇಳಿಯುವುದರಿಂದ ಲಾಭವಿಲ್ಲ: ಇಳಿಜಾರಿನಲ್ಲಿ ಎಂಜಿನ್‌ಗೆ ಕೆಲಸವಿಲ್ಲದೆ ಹೊಗೆ ತಣ್ಣಗಾಗುತ್ತದೆ.

ದೀಪ ಮಿನುಗುತ್ತಿದ್ದರೆ, ಎಂಜಿನ್ ದೀಪವೂ ಸೇರಿಕೊಂಡರೆ ಅಥವಾ ಪಿಕಪ್ ಬಿದ್ದಿದ್ದರೆ ಓಟದ ಪ್ರಯೋಗ ಬೇಡ. ಮಸಿ ವಿಪರೀತ ತುಂಬಿದಾಗ ಒಮ್ಮೆಲೇ ಹೊತ್ತಿಕೊಂಡರೆ ಫಿಲ್ಟರೇ ಕರಗಬಹುದು. ಗ್ಯಾರೇಜಿನವರು ಪ್ರಮಾಣ ನೋಡಿ ಸ್ಕ್ಯಾನರ್ ಮೂಲಕ ರಿಜನರೇಶನ್ ಮಾಡಿಸುತ್ತಾರೆ. ಬೂದಿ ತುಂಬಿದ್ದರೆ ಫಿಲ್ಟರ್ ಬಿಚ್ಚಿ, ಅದಕ್ಕೆಂದೇ ಇರುವ ಯಂತ್ರದಲ್ಲಿ ಶುಚಿ ಮಾಡಿಸಬೇಕು. ಪಿಂಗಾಣಿ ಒಡೆದಿದ್ದರೆ ಅಥವಾ ಕರಗಿದ್ದರೆ ಮಾತ್ರ ಹೊಸದು.

ಒಂದು ಎಚ್ಚರಿಕೆ: ರಿಜನರೇಶನ್ ವೇಳೆ ಕಾರಿನ ಅಡಿಭಾಗ ವಿಪರೀತ ಬಿಸಿಯಾಗಿರುತ್ತದೆ. ಬೇಸಿಗೆಯಲ್ಲಿ ಸೊಪ್ಪಿನ ಬೆಟ್ಟದ ದಾರಿಯ ತರಗೆಲೆಯ ಮೇಲಾಗಲಿ, ಒಣಹುಲ್ಲಿನ ಮೇಲಾಗಲಿ ನಿಲ್ಲಿಸಬೇಡಿ.

ನಂಬಿಕೆ ಮತ್ತು ನಿಜ

“ನಿಲ್ಲಿಸಿದಲ್ಲೇ ಅರ್ಧ ಗಂಟೆ ಚಾಲೂ ಇಟ್ಟರೆ ಸರಿಹೋಗುತ್ತದೆ.” ಇಲ್ಲ. ಹೊಗೆ ಬಿಸಿಯಾಗದೆ ಮಸಿ ಹೆಚ್ಚುತ್ತದೆ.

“ಡಿಇಎಫ್ ದ್ರವ ತುಂಬಿದರೆ ದೀಪ ಆರುತ್ತದೆ.” ಅದರ ಕೆಲಸ ನೈಟ್ರೋಜನ್ ಆಕ್ಸೈಡ್ ತಗ್ಗಿಸುವುದು. ಅದಕ್ಕೂ ಮಸಿಗೂ ಸಂಬಂಧವಿಲ್ಲ.

“ಬಾಟಲಿ ಔಷಧಿ ಸಾಕು.” ಮಸಿ ಸುಡಲು ಕೆಲವು ನೆರವಾಗಬಹುದು. ಬೂದಿಯನ್ನು ಯಾವುದೂ ತೆಗೆಯದು.

“ಒಳಗಿನದನ್ನು ಕಿತ್ತೆಸೆದರೆ ತಲೆನೋವೇ ಇಲ್ಲ.” ಇದು ಕಾನೂನುಬಾಹಿರ. ಅದಕ್ಕಿಂತ ಮುಖ್ಯವಾಗಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಫಿಲ್ಟರ್ ಹಿಡಿಯುತ್ತಿದ್ದ ಆ ಕಣಗಳು ಅಂಗಳದಲ್ಲಿ ಆಡುವ ಮಕ್ಕಳ ಶ್ವಾಸಕೋಶ ಸೇರುತ್ತವೆ.

ಮತ್ತೆ ಕಟ್ಟದಂತೆ

ಕೈಪಿಡಿ ಹೇಳಿದ ಕಡಿಮೆ ಬೂದಿಯ ಎಂಜಿನ್ ಆಯಿಲ್ ಅನ್ನೇ ಹಾಕಿಸಿ. ಸಣ್ಣ ಕೆಲಸಗಳನ್ನು ಒಂದೇ ಸುತ್ತಿಗೆ ಜೋಡಿಸಿಕೊಳ್ಳಿ. ರಿಜನರೇಶನ್ ನಡೆಯುತ್ತಿದ್ದರೆ ಇನ್ನೊಂದು ಹತ್ತು ನಿಮಿಷ ಓಡಿಸಿ ಮುಗಿಸಿ. ಹೊಸ ಕಾರು ಕೊಳ್ಳುವವರು, ದಿನದ ಓಟ ನಾಲ್ಕಾರು ಕಿಲೋಮೀಟರ್ ಅಷ್ಟೇ ಎಂದಾದರೆ ಪೆಟ್ರೋಲ್ ಗಾಡಿ ನೋಡುವುದೇ ಲೇಸು.